ಚೀಲ ಕಾಯುವವರ ಸರದಿ

ರಜೆ ಹತ್ತಿರ ಬಂತು. ಮನೆ ಮನೆಯಲ್ಲೂ ಈಗ ಒಂದೇ ಚರ್ಚೆ: ಈ ಸಲ ಎಲ್ಲಿಗೆ? ಮಕ್ಕಳನ್ನು ಕೇಳಿದರೆ ಮೊದಲ ಉತ್ತರ ಹೆಚ್ಚಾಗಿ ನೀರಾಟದ ಪಾರ್ಕೇ. ಬೆಂಗಳೂರಿನವರಿಗೆ ಬಿಡದಿಯ ಹತ್ತಿರ 2005ರಿಂದ ವಂಡರ್‌ಲಾ ಇದೆ. ಮೈಸೂರಿನವರಿಗೆ ಕೆ.ಆರ್.ಎಸ್. ರಸ್ತೆಯಲ್ಲಿ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಇದೆ. ಯಾವ ಆಟ ಮೊದಲು, ಯಾವುದನ್ನು ಎರಡು ಸಲ ಆಡಬೇಕು, ಯಾವುದಕ್ಕೆ ಅಪ್ಪನನ್ನು ಎಳೆದುಕೊಂಡು ಹೋಗಬೇಕು ಎಂದೆಲ್ಲ ಪುಟಾಣಿಗಳು ವಾರ ಮೊದಲೇ ತೀರ್ಮಾನ ಮಾಡಿಟ್ಟಿರುತ್ತಾರೆ. ಒಂದು ವಿಷಯವನ್ನು ಮಾತ್ರ ಯಾರೂ ತೀರ್ಮಾನಿಸುವುದಿಲ್ಲ. ಚೀಲ ಯಾರು ಹಿಡಿಯಬೇಕು?

ಮನೆಯಲ್ಲಿ ಯಾರೂ ತೀರ್ಮಾನಿಸದ ಕೆಲಸ ಕೊನೆಗೆ ಯಾರ ಪಾಲಿಗೆ ಬರುತ್ತದೆ ಎಂದು ನಿಮಗೂ ಗೊತ್ತು. ಪಾರ್ಕಿನ ಕಲ್ಲುಬೆಂಚುಗಳನ್ನು ಒಮ್ಮೆ ನೋಡಿ. ಒಂದೊಂದು ಬೆಂಚಿನ ಮೇಲೂ ಒಬ್ಬ ಅಜ್ಜಿ, ಅಥವಾ ಒಬ್ಬ ಅಜ್ಜ. ಸುತ್ತ ನಾಲ್ಕು ಚೀಲ, ಆರು ಜೊತೆ ಚಪ್ಪಲಿ, ಮಡಿಲಲ್ಲಿ ಮೂರು ಮೊಬೈಲು, ಕೈಯಲ್ಲಿ ಯಾರದೋ ಕನ್ನಡಕ. ಅವರೂ ಎಲ್ಲರ ಹಾಗೆ ಬಾಗಿಲಲ್ಲಿ ಟಿಕೆಟು ತೆಗೆದುಕೊಂಡೇ ಒಳಗೆ ಬಂದವರು.

ಮಕ್ಕಳೇ, ಮೊದಲು ಈ ಚೀಲದ ಲೆಕ್ಕ ನೋಡೋಣ. ಒಂದು ಲೀಟರ್ ನೀರಿನ ತೂಕ ಒಂದು ಕೆ.ಜಿ. ಏಳು ಜನರ ಕುಟುಂಬ ನಾಲ್ಕು ಲೀಟರ್ ಬಾಟಲಿ ಹಿಡಿದು ಹೊರಟರೆ ಅಲ್ಲಿಗೇ ನಾಲ್ಕು ಕೆ.ಜಿ. ಅದರ ಮೇಲೆ ಟವೆಲುಗಳು, ಎಲ್ಲರ ಬದಲಿ ಬಟ್ಟೆ, ಪುಟ್ಟ ಪಾಪುವಿನ ಬಟ್ಟೆ ಎರಡು ಜೊತೆ, ಬಾಚಣಿಗೆ, ಎಣ್ಣೆ, ಮಾತ್ರೆಯ ಡಬ್ಬಿ, ಮೊಬೈಲಿಗೆ ಚಾರ್ಜು ತುಂಬುವ ಇಟ್ಟಿಗೆಯಂಥ ಪವರ್‌ಬ್ಯಾಂಕು. ಸುಲಭವಾಗಿ ಹತ್ತು ಕೆ.ಜಿ. ದಾಟುತ್ತದೆ. ಒಂದು ಮಧ್ಯಮ ಗಾತ್ರದ ಅಕ್ಕಿ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬೆಳಗ್ಗೆಯಿಂದ ಸಂಜೆವರೆಗೆ ಓಡಾಡಿದ ಹಾಗೆ.

ಇನ್ನೂ ಒಂದು ತಮಾಷೆ ಇದೆ. ಸಂತೆಗೆ ಹೋದರೆ ಚೀಲ ಹೋಗುವಾಗ ಹಗುರ, ಬರುವಾಗ ಭಾರ. ಅದಕ್ಕೆ ಕಾರಣ ಕೊಂಡ ಸಾಮಾನು. ನೀರಾಟದ ಪಾರ್ಕಿನಲ್ಲಿ ಏನೂ ಕೊಳ್ಳದಿದ್ದರೂ ಚೀಲ ಭಾರವಾಗುತ್ತದೆ. ಹತ್ತಿಯ ನೂಲು ನೀರನ್ನು ಚೆನ್ನಾಗಿ ಕುಡಿಯುತ್ತದೆ. ಒದ್ದೆಯಾದ ಟವೆಲ್ಲನ್ನೂ ಒಣಗಿದ ಟವೆಲ್ಲನ್ನೂ ಎರಡು ಕೈಯಲ್ಲಿ ಹಿಡಿದು ನೋಡಿ, ನಿಮಗೇ ತಿಳಿಯುತ್ತದೆ. ನೈಲಾನ್, ಪಾಲಿಯೆಸ್ಟರ್ ನೂಲು ನೀರನ್ನು ಅಷ್ಟಾಗಿ ಹೀರುವುದಿಲ್ಲ, ಬೇಗ ಒಣಗುತ್ತದೆ. ಕೊಳಕ್ಕಿಳಿಯುವವರು ಇಂಥ ಬಟ್ಟೆಯನ್ನೇ ತೊಡಬೇಕೆಂದು ಪಾರ್ಕುಗಳು ಹೇಳುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಒದ್ದೆ ಬಟ್ಟೆಯನ್ನು ಹಾಗೇ ಚೀಲಕ್ಕೆ ತುರುಕಬೇಡಿ. ಚೆನ್ನಾಗಿ ಹಿಂಡಿ, ಬೇರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ನೀವು ಹಿಂಡಿ ತೆಗೆದ ಪ್ರತಿ ಲೋಟ ನೀರೂ ಯಾರದೋ ಹೆಗಲಿನಿಂದ ಇಳಿಸಿದ ಭಾರ.

ಭಾರ ಇಳಿಸಲು ಇನ್ನೊಂದು ದಾರಿ ಲಾಕರು. ದೊಡ್ಡ ಪಾರ್ಕುಗಳಲ್ಲಿ ಬಾಡಿಗೆಗೆ ಲಾಕರು ಸಿಗುತ್ತದೆ. "ಅದಕ್ಕೆ ಯಾಕೆ ದುಡ್ಡು ದಂಡ, ನಾನು ಇಲ್ಲೇ ಕೂತಿರ್ತೀನಲ್ಲ" ಎನ್ನುವ ಅಜ್ಜಿಯರು ಎಲ್ಲ ಮನೆಯಲ್ಲೂ ಇದ್ದಾರೆ. ಒಬ್ಬರ ಟಿಕೆಟಿಗೆ ಪೂರ್ತಿ ದುಡ್ಡು ಕೊಟ್ಟು, ಲಾಕರಿನ ಬಾಡಿಗೆ ಉಳಿಸಲು ಅವರನ್ನು ಬೆಂಚಿನ ಮೇಲೆ ಕೂರಿಸುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ಬಿ.ಕಾಂ. ಓದಿದವನ ಮಾತು, ನಂಬಿ.

ಲಾಕರಿಗೆ ಏನು ಹಾಕಬೇಕು, ಏನು ಹಾಕಬಾರದು? ಸಂಜೆಯವರೆಗೆ ಬೇಡದ್ದು ಒಳಗೆ: ಬದಲಿ ಬಟ್ಟೆ, ಒಣ ಟವೆಲು, ಮನೆಯ ಕೀಲಿ. ಗಂಟೆಗಂಟೆಗೆ ಬೇಕಾದ್ದು ಒಂದು ಸಣ್ಣ ಚೀಲದಲ್ಲಿ ಹೊರಗೆ: ನೀರು, ಕನ್ನಡಕ, ಸ್ವಲ್ಪ ಚಿಲ್ಲರೆ, ಮಾತ್ರೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಸದಾ ಅದನ್ನು ನುಂಗುವವರ ಹತ್ತಿರವೇ ಇರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಖಂಡಿತ ಬಿಡಬಾರದು. ಬಿಸಿಗೆ ಅದರ ಶಕ್ತಿ ಕುಂದುತ್ತದೆ. ತಿಂಡಿಯ ಡಬ್ಬಿ ಕಟ್ಟುವ ಮೊದಲು ಪಾರ್ಕಿನ ನಿಯಮ ಕೇಳಿಕೊಳ್ಳಿ. ಹೊರಗಿನ ತಿಂಡಿಯನ್ನು ಹಲವು ಕಡೆ ಒಳಗೆ ಬಿಡುವುದಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಕಲಸಿದ ಪುಳಿಯೋಗರೆ ಬಾಗಿಲಲ್ಲೇ ಉಳಿಯುವುದು ಬೇಡ.

"ಮೊಬೈಲನ್ನು ಜೇಬಲ್ಲೇ ಇಟ್ಕೊಂಡು ಆಟ ಆಡ್ತೀನಿ" ಎನ್ನುವ ಅಣ್ಣಂದಿರಿಗೂ ಒಂದು ಲೆಕ್ಕ. 20 ಮೀಟರ್ ಎತ್ತರದಲ್ಲಿ ತಿರುಗುವ ಆಟದಿಂದ ಒಂದು ಕೀಲಿಗೊಂಚಲು ಜಾರಿತು ಎನ್ನಿ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 70 ಕಿಲೋಮೀಟರ್. ಹೆದ್ದಾರಿಯ ಬಸ್ಸಿನ ವೇಗ! ಕೆಳಗೆ ನಿಂತವರ ತಲೆಯ ಗತಿ ಏನು? ಜೇಬು ಖಾಲಿ ಮಾಡಿ ಎಂದು ಆಟದ ಬಾಗಿಲಲ್ಲಿ ನಿಂತವರು ಹೇಳುವುದು ಇದಕ್ಕೇ. ಹಾಗೆ ಖಾಲಿ ಮಾಡಿದ ಜೇಬಿನ ಸಾಮಾನನ್ನು ಹಿಡಿದುಕೊಳ್ಳಲು ಒಬ್ಬರು ಹೊರಗೆ ನಿಲ್ಲಲೇಬೇಕು. ಲಾಕರು ಇದ್ದರೂ ಚೀಲ ಕಾಯುವ ಕೆಲಸ ಪೂರ್ತಿ ತಪ್ಪುವುದಿಲ್ಲ. ಇಡೀ ದಿನ ಅದೇ ಒಬ್ಬರು ನಿಲ್ಲಬೇಕೆ ಎಂಬುದಷ್ಟೇ ಪ್ರಶ್ನೆ.

ಹೋದ ಏಪ್ರಿಲ್‌ನಲ್ಲಿ ನಾವು ಏಳು ಜನ ಇಂಥದೊಂದು ಪಾರ್ಕಿಗೆ ಹೋಗಿದ್ದೆವು. ನಮ್ಮಲ್ಲಿ ಮೊಮ್ಮಗಳು ಮೊದಲೇ ಚೀಟಿ ಬರೆದಿಟ್ಟಿದ್ದಳು. ಅವಳಿಗೆ ಹತ್ತು ವರ್ಷ, ಶಾಲೆಯಲ್ಲಿ ಕ್ಲಾಸ್ ಲೀಡರು. ಮನೆಯಲ್ಲೂ ಅದೇ ದರ್ಬಾರು. ಚೀಟಿಯ ಪ್ರಕಾರ ಹನ್ನೊಂದರಿಂದ ಹನ್ನೆರಡು ನನ್ನ ಸರದಿ. ಅಲೆಗಳ ಕೊಳದ ಎದುರು ಬೇವಿನ ಮರದ ನೆರಳಲ್ಲಿ ಚೀಲಗಳ ನಡುವೆ ಕುಳಿತಿದ್ದೆ. ಪಕ್ಕದ ಬೆಂಚಿನಲ್ಲಿ ಮಂಡ್ಯದ ಕಡೆಯ ಒಬ್ಬ ಅಜ್ಜಿ. ಅವರ ಸುತ್ತ ನನ್ನದಕ್ಕಿಂತ ಎರಡು ಚೀಲ ಹೆಚ್ಚು.

"ನಿಮ್ಮ ಮನೆಯವರು ಬಂದಿಲ್ವಾ?" ಎಂದರು.

"ನೀರಲ್ಲಿದಾಳೆ. ಹನ್ನೆರಡರ ಮೇಲೆ ನಮ್ಮ ಅಳಿಯ ಕೂರ್ತಾನೆ, ನಾನು ಹೋಗ್ತೀನಿ."

ಅಜ್ಜಿ ನಕ್ಕರು. "ನಮ್ಮಲ್ಲಿ ಹಂಗೇನಿಲ್ಲ. ನಾನೇ. ಹೋದ ವರ್ಷಾನೂ ಬಂದಿದ್ದೆ. ಇದೇ ಬೆಂಚು."

ದೂರಿನ ದನಿ ಇರಲಿಲ್ಲ. ಇವತ್ತು ಬಿಸಿಲು ಜಾಸ್ತಿ ಎಂದ ಹಾಗೆ ಹೇಳಿದರು. ಅಷ್ಟರಲ್ಲಿ ಅವರ ಮೊಮ್ಮಗ ನೀರು ಕುಡಿಯಲು ಓಡಿ ಬಂದಿದ್ದ. ಒಂಬತ್ತು ವರ್ಷ ಇರಬಹುದು. ಬಾಟಲಿ ಎತ್ತಿದವನು ಕುಡಿಯುವುದನ್ನು ಅರ್ಧಕ್ಕೇ ನಿಲ್ಲಿಸಿ ಕೇಳಿದ: "ಅಜ್ಜಿ, ನೀನು ಯಾವುದಕ್ಕೂ ಹತ್ತೇ ಇಲ್ವಾ?"

"ನಂಗ್ಯಾಕಪ್ಪಾ ಅವೆಲ್ಲ. ನೀನು ಆಡು ಹೋಗು."

ಹುಡುಗ ಹೋಗಲಿಲ್ಲ. "ನಾನು ಕೂರ್ತೀನಿ, ನೀನು ಹೋಗು" ಎಂದು ಬೆಂಚಿನ ಮೇಲೆ ಹತ್ತಿ ಕುಳಿತ. ಅಷ್ಟು ಸಣ್ಣವನನ್ನು ಅಲ್ಲಿ ಒಬ್ಬನೇ ಬಿಟ್ಟು ಹೋಗುವುದು ಸರಿಯಲ್ಲ, ಅಜ್ಜಿ ಒಪ್ಪಲಿಲ್ಲ. ಒಂದು ನಿಮಿಷ ಯೋಚಿಸಿದ. ಎದ್ದು ಓಡಿದ. ಐದು ನಿಮಿಷದಲ್ಲಿ ನೀರು ತೊಟ್ಟಿಕ್ಕುತ್ತಿದ್ದ ಅಪ್ಪನನ್ನು ಕೈ ಹಿಡಿದು ಎಳೆದು ತಂದ. ಅಪ್ಪ ಒಂದು ಮಾತೂ ಆಡದೆ ಚೀಲಗಳ ನಡುವೆ ಕುಳಿತರು. ಮೊಮ್ಮಗ ಅಜ್ಜಿಯನ್ನು ಕರೆದುಕೊಂಡು ದೊಡ್ಡ ತಿರುಗುಚಕ್ರದ ಕಡೆ ಹೊರಟ. ಸೆರಗು ಸಿಕ್ಕಿಸಿಕೊಂಡು, ಚಪ್ಪಲಿ ಸರಿಮಾಡಿಕೊಂಡು, ಎರಡು ಸಲ ಹಿಂದಿರುಗಿ ಚೀಲಗಳನ್ನು ನೋಡುತ್ತ ಅವರು ಹೋದರು.

ಅರ್ಧ ಗಂಟೆಯ ಮೇಲೆ ಬಂದಾಗ ಮುಖ ಕೆಂಪಾಗಿತ್ತು. ಕೂದಲು ಕೆದರಿತ್ತು. ಕೂತು ಉಸಿರು ತೆಗೆದುಕೊಂಡು ನನಗೆ ಹೇಳಿದರು: "ಮ್ಯಾಲಿಂದ ನೋಡ್ದೆ. ಈ ಚೀಲ ಎಲ್ಲಾ ಕಡಲೆಕಾಳಷ್ಟು ಕಾಣ್ತವೆ!"

ಪುಟಾಣಿಗಳೇ, ಆ ಹುಡುಗ ಮಾಡಿದ್ದು ದೊಡ್ಡ ಸಾಹಸವೇನಲ್ಲ. ಒಂದು ಪ್ರಶ್ನೆ ಕೇಳಿದ, ಉತ್ತರ ಕೇಳಿ ಸುಮ್ಮನಾಗಲಿಲ್ಲ. "ನನಗ್ಯಾಕೆ ಅವೆಲ್ಲ" ಎಂದು ಅಜ್ಜಿಯರು ಹೇಳುವುದು ಎಷ್ಟೋ ಸಲ ಆಸೆ ಇಲ್ಲದೆ ಅಲ್ಲ. ಎದ್ದು ಹೋದರೆ ಚೀಲ ಯಾರು ನೋಡುತ್ತಾರೆ ಎಂಬ ಯೋಚನೆಯಿಂದ. ನಿಜವಾಗಿಯೂ ಕುಳಿತುಕೊಳ್ಳುವುದೇ ಇಷ್ಟ ಎನ್ನುವವರೂ ಇದ್ದಾರೆ. ಮಂಡಿನೋವು, ತಲೆಸುತ್ತು, ಹೃದಯದ ತೊಂದರೆ ಇರುವವರು ಹಾರುವ, ಕುಲುಕುವ ಆಟಗಳಿಗೆ ಹೋಗಲೂಬಾರದು. ಅವರನ್ನು ಬಲವಂತ ಮಾಡಬೇಡಿ. ಜೊತೆಯಲ್ಲಿ ನಡೆದು ಹೂವಿನ ಪಾತಿ ನೋಡಿ, ಐಸ್‌ಕ್ರೀಂ ತಿನ್ನಿಸಿ, ಅವರ ಬೆಂಚಿನಲ್ಲಿ ಒಂದು ಸರದಿ ನೀವೂ ಕುಳಿತು ಮಾತಾಡಿ. ಆಯ್ಕೆ ಅವರದಾಗಿರಲಿ, ಚೀಲದ್ದಾಗುವುದು ಬೇಡ.

ಸರದಿಯ ಪದ್ಧತಿ ನಮ್ಮ ಮನೆಯ ಹೊಸ ಶೋಧವೇನೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ತೆರೆದ ಡಿಸ್ನಿಲ್ಯಾಂಡ್‌ನಲ್ಲಿ ಈಗ ರೈಡರ್ ಸ್ವಿಚ್ ಎಂಬ ಏರ್ಪಾಡಿದೆ. ಮಗು ಎತ್ತರ ಸಾಲದೆ ಒಂದು ಆಟಕ್ಕೆ ಹತ್ತಲಾಗದಿದ್ದರೆ ಮನೆಯ ದೊಡ್ಡವರೊಬ್ಬರು ಮಗುವಿನೊಂದಿಗೆ ಹೊರಗೆ ನಿಲ್ಲುತ್ತಾರೆ. ಉಳಿದವರು ಆಡಿ ಬಂದ ಮೇಲೆ ಮಗುವನ್ನು ಅವರಿಗೆ ಒಪ್ಪಿಸಿ, ನಿಂತಿದ್ದವರು ಮತ್ತೆ ಮೊದಲಿನಿಂದ ಉದ್ದ ಸಾಲಿನಲ್ಲಿ ಕಾಯದೆ ಆಟಕ್ಕೆ ಹೋಗಬಹುದು. ಹೊರಗೆ ನಿಂತವರಿಗೂ ಆಟದ ಹಕ್ಕಿದೆ ಎಂದು ಪಾರ್ಕಿನವರೇ ಒಪ್ಪಿಕೊಂಡು ಮಾಡಿದ ನಿಯಮ ಅದು. ನಮ್ಮ ಮನೆಗಳಲ್ಲಿ ಈ ನಿಯಮ ಮಾಡಲು ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲ.

ಚೀಲ ಒಪ್ಪಿಸುವುದಕ್ಕೂ ಒಂದು ರೀತಿ ಇದೆ. ನಾನು ಬ್ಯಾಂಕಿನಲ್ಲಿದ್ದಾಗ ಹಣದ ತಿಜೋರಿಗೆ ಎರಡು ಕೀಲಿ, ಎರಡೂ ಬೇರೆ ಬೇರೆಯವರ ಕೈಯಲ್ಲಿ. ಒಬ್ಬರು ರಜೆ ಹೋಗುವಾಗ ಕೀಲಿಯನ್ನು ಮೇಜಿನ ಮೇಲೆ ಇಟ್ಟು ಹೋಗುವಂತಿಲ್ಲ. ಪುಸ್ತಕದಲ್ಲಿ ಬರೆದು, ಕೊಟ್ಟವರೂ ತೆಗೆದುಕೊಂಡವರೂ ಸಹಿ ಹಾಕಬೇಕು. ಚೀಲಕ್ಕೆ ಸಹಿ ಬೇಡ, ಬಾಯಿಲೆಕ್ಕ ಸಾಕು. "ಚೀಲ ಎರಡು, ಬಾಟಲಿ ಮೂರು, ಮೊಬೈಲು ನಾಲ್ಕು, ಚಪ್ಪಲಿ ಏಳು ಜೊತೆ" ಎಂದು ಗಟ್ಟಿಯಾಗಿ ಎಣಿಸಿ ಕೊಡಿ, ಎಣಿಸಿ ತೆಗೆದುಕೊಳ್ಳಿ. ಸಾಮಾನಿನ ಜೊತೆ ಜನರನ್ನೂ ಎಣಿಸಿ. ಸಣ್ಣ ಮಕ್ಕಳ ಮುಂಗೈಯಲ್ಲಿ ಮನೆಯವರ ಫೋನ್ ನಂಬರನ್ನು ನೀರಿಗೆ ಅಳಿಸದ ಪೆನ್ನಿನಲ್ಲಿ ಬರೆಯಿರಿ. ತಪ್ಪಿಸಿಕೊಂಡರೆ ಎಲ್ಲಿ ಬಂದು ನಿಲ್ಲಬೇಕು ಎಂದು ಒಳಗೆ ಹೋದ ತಕ್ಷಣ ಒಂದು ಜಾಗ ತೋರಿಸಿಡಿ.

ಮಕ್ಕಳೂ ಭಾರ ಹೊರಬೇಕೆ? ಹೊರಲಿ, ಆದರೆ ಮಿತಿಯಲ್ಲಿ. ಶಾಲಾ ಚೀಲದ ತೂಕ ಮಗುವಿನ ತೂಕದ ನೂರಕ್ಕೆ ಹತ್ತನ್ನು ಮೀರಬಾರದೆಂದು 2020ರ ರಾಷ್ಟ್ರೀಯ ಶಾಲಾ ಚೀಲ ನೀತಿ ಹೇಳುತ್ತದೆ. ಪಾರ್ಕಿಗೂ ಅದೇ ಅಳತೆ ಸಾಕು. 25 ಕೆ.ಜಿ. ತೂಕದ ಹುಡುಗಿ ಎರಡೂವರೆ ಕೆ.ಜಿ.ವರೆಗೆ ಹೊರಬಹುದು. ಅಂದರೆ ಅವಳ ಬಟ್ಟೆ, ಅವಳ ಟವೆಲು, ಅವಳ ನೀರಿನ ಬಾಟಲಿ ಅವಳ ಬೆನ್ನಿನ ಮೇಲೇ ಬರಬಹುದು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ತಲೆಹೊರೆಯನ್ನು ಬಿಚ್ಚಿ ಹಂಚಿದರೆ ಎಲ್ಲರ ಕೈಗೂ ಬರುವುದು ಒಂದೊಂದು ಕಡ್ಡಿಯೇ.

ಈ ವಾರದ ಮನೆಕೆಲಸ ಇದು. ಪ್ರವಾಸಕ್ಕೆ ಹೊರಡುವ ಹಿಂದಿನ ರಾತ್ರಿ ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಗಂಟೆ, ಬಲಗಡೆ ಹೆಸರು ಬರೆಯಿರಿ. ಅಪ್ಪ, ಅಮ್ಮ, ಅತ್ತೆ, ಮಾವ, ಅಜ್ಜ, ಅಜ್ಜಿ, ಎಲ್ಲರಿಗೂ ಚೀಲ ಕಾಯುವ ಒಂದೊಂದು ಗಂಟೆ. ಸಣ್ಣವರು ದೊಡ್ಡವರೊಬ್ಬರ ಜೊತೆ ಕೂರಲಿ. ಹಾಳೆಯ ಕೆಳಗೆ ಇನ್ನೊಂದು ಸಾಲು ಬಿಡಿ. ಮನೆಯ ಹಿರಿಯರ ಹತ್ತಿರ ಹೋಗಿ "ನಿಮಗೆ ಯಾವ ಆಟ ಬೇಕು?" ಎಂದು ಕೇಳಿ, ಅವರು ಹೇಳಿದ್ದನ್ನು ಅಲ್ಲಿ ಬರೆಯಿರಿ. ಮೊದಲು "ನಂಗೇನೂ ಬೇಡ" ಎನ್ನುತ್ತಾರೆ. ಪೆನ್ನು ಕೆಳಗಿಡಬೇಡಿ. ಇನ್ನೊಂದು ಸಲ ಕೇಳಿ.