ಸೋತವರಿಗೆ ಹಾಕಿದ ವೋಟು ಎಲ್ಲಿಗೆ ಹೋಯಿತು?

2023ರ ವಿಧಾನಸಭಾ ಚುನಾವಣೆಯಲ್ಲಿ ನಾನು ಮೊದಲ ಸಲ ಮತ ಹಾಕಿದೆ. ನನ್ನ ಅಭ್ಯರ್ಥಿ ಸೋತರು. ಫಲಿತಾಂಶದ ದಿನ ಗೊರೂರಿನ ಟೀ ಅಂಗಡಿಯಲ್ಲಿ ಗೆಳೆಯನೊಬ್ಬ, ‘ಗೆಲ್ಲೋರಿಗೆ ಹಾಕೋದು ಬಿಟ್ಟು ವೋಟು ವೇಸ್ಟ್ ಮಾಡ್ಕೊಂಡ್ಯಲ್ಲೋ’ ಎಂದು ನಕ್ಕ. ನಾನೂ ನಕ್ಕೆ. ಆದರೆ ಆ ಮಾತು ಇವತ್ತಿಗೂ ಕೊರೆಯುತ್ತಿದೆ.

ಪಕ್ಕದ ಹೊಳೆನರಸೀಪುರವನ್ನೇ ನೋಡಿ. ಅದೇ ಚುನಾವಣೆಯಲ್ಲಿ ಜೆಡಿಎಸ್‌ನ ಎಚ್‌.ಡಿ. ರೇವಣ್ಣ ಕಾಂಗ್ರೆಸ್‌ನ ಶ್ರೇಯಸ್ ಪಟೇಲ್ ವಿರುದ್ಧ ಗೆದ್ದದ್ದು ಸುಮಾರು ಮೂರು ಸಾವಿರ ಮತಗಳಿಂದ. ಮರುವರ್ಷ ಹಾಸನ ಲೋಕಸಭಾ ಕ್ಷೇತ್ರದಲ್ಲಿ ಶ್ರೇಯಸ್ 42 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಮೊದಲ ಸಲ ಒಂದು ಪಕ್ಷದವರ ಮತಗಳ ಲೆಕ್ಕ ಸೊನ್ನೆಯಾಯಿತು, ಎರಡನೇ ಸಲ ಇನ್ನೊಂದು ಪಕ್ಷದವರದ್ದು. ಹಾಗಾಗಿ ಇದು ಯಾವುದೋ ಒಂದು ಪಕ್ಷದ ದೂರಲ್ಲ, ಲೆಕ್ಕ ಹಾಕುವ ವಿಧಾನದ್ದೇ ದೋಷ.

ರಾಜ್ಯದ ಮಟ್ಟದಲ್ಲಿ ಈ ವಿಚಿತ್ರ ಇನ್ನೂ ಸ್ಪಷ್ಟ. 2013ರಲ್ಲಿ ಕಾಂಗ್ರೆಸ್ ಶೇ 36ರಷ್ಟು ಮತ ಪಡೆದು 122 ಸ್ಥಾನ ಗೆದ್ದಿತು. 2018ರಲ್ಲಿ ಬಿಜೆಪಿಗೂ ಶೇ 36. ಸಿಕ್ಕಿದ್ದು 104 ಸ್ಥಾನ. ಆಗ ಶೇ 38ರಷ್ಟು ಮತ ಪಡೆದ ಕಾಂಗ್ರೆಸ್ ಅದಕ್ಕಿಂತ ಹಿಂದೆ ಉಳಿಯಿತು! 2023ರಲ್ಲೂ ಬಿಜೆಪಿಗೆ ಶೇ 36. ಸ್ಥಾನ ಮಾತ್ರ 66. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ಬಿಜೆಪಿ ಶೇ 46, ಕಾಂಗ್ರೆಸ್ ಶೇ 45ರಷ್ಟು ಮತ ಪಡೆದವು. ಸ್ಥಾನಗಳು 17 ಮತ್ತು 9. ಮತದ ಅನುಪಾತದಲ್ಲಿ ಹಂಚಿದ್ದರೆ ಎರಡಕ್ಕೂ ತಲಾ 13 ಬರುತ್ತಿದ್ದವು, ಜೆಡಿಎಸ್‌ಗೆ ಈಗಿರುವ ಎರಡೇ ಉಳಿಯುತ್ತಿದ್ದವು.

ಪಡೆದ ಮತಕ್ಕೆ ತಕ್ಕಷ್ಟು ಸ್ಥಾನ ಕೊಡುವುದೇ ಅನುಪಾತ ಪ್ರಾತಿನಿಧ್ಯ. ಇದು ನಮಗೆ ಪೂರ್ತಿ ಹೊಸದೇನಲ್ಲ. ರಾಜ್ಯಸಭೆಗೆ ಶಾಸಕರು ಮತ ಹಾಕುವುದು ಇದೇ ತತ್ವದ ಮೇಲೆ. ಹಾಸನವೂ ಸೇರಿರುವ ದಕ್ಷಿಣ ಪದವೀಧರ ಕ್ಷೇತ್ರದಲ್ಲಿ ಪದವೀಧರರು 1, 2, 3 ಎಂದು ಪ್ರಾಶಸ್ತ್ಯದ ಮತ ಗುರುತಿಸುವುದೂ ಇದರ ಸಂಬಂಧಿ ವಿಧಾನವೇ.

ಹಾಗಾದರೆ ಲೋಕಸಭೆಗೆ ಯಾಕಿಲ್ಲ? 1949ರ ಜನವರಿಯಲ್ಲಿ ಸಂವಿಧಾನ ಸಭೆಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಈ ಬೇಡಿಕೆ ಇಟ್ಟಾಗ ಅಂಬೇಡ್ಕರ್ ಒಪ್ಪಲಿಲ್ಲ. ಸಾಕ್ಷರತೆ ಕಡಿಮೆ ಇದೆ, ಸಣ್ಣಪುಟ್ಟ ಗುಂಪುಗಳು ಹೆಚ್ಚಾದರೆ ಸರ್ಕಾರ ನಿಲ್ಲುವುದಿಲ್ಲ ಎಂಬುದು ಅವರ ಆತಂಕ. ಮೊದಲ ಕಾರಣದ ಬಲ ಇಂದು ಕುಗ್ಗಿದೆ. ಎರಡನೆಯದನ್ನು ತಳ್ಳಿಹಾಕುವಂತಿಲ್ಲ. ಪೂರ್ತಿ ಅನುಪಾತ ಪದ್ಧತಿ ಇರುವ ಇಸ್ರೇಲ್ 2019ರಿಂದ 2022ರೊಳಗೆ ಐದು ಸಲ ಚುನಾವಣೆ ನಡೆಸಬೇಕಾಯಿತು.

ಆದರೆ ನಡುವಿನ ದಾರಿಯೂ ಇದೆ. ಜರ್ಮನಿಯಲ್ಲಿ ಮತದಾರನಿಗೆ ಎರಡು ಮತ: ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಸಾಮಾನ್ಯವಾಗಿ ಶೇ 5ರಷ್ಟು ಮತ ಪಡೆಯದ ಪಕ್ಷಕ್ಕೆ ಪಾಲಿಲ್ಲ. ನೆರೆಯ ನೇಪಾಳದ 275 ಸಂಸದರಲ್ಲಿ 165 ಮಂದಿ ಕ್ಷೇತ್ರಗಳಿಂದ, 110 ಮಂದಿ ಪಕ್ಷಗಳ ಪಟ್ಟಿಯಿಂದ ಬರುತ್ತಾರೆ. ನಮ್ಮ ಕಾನೂನು ಆಯೋಗವೂ 1999ರ ತನ್ನ 170ನೇ ವರದಿಯಲ್ಲಿ ಲೋಕಸಭೆಗೆ ಶೇ 25ರಷ್ಟು ಸ್ಥಾನ ಹೆಚ್ಚಿಸಿ, ಅವನ್ನು ಪಟ್ಟಿ ಪದ್ಧತಿಯಲ್ಲಿ ತುಂಬಲು ಸೂಚಿಸಿತ್ತು. ಕ್ಷೇತ್ರ ಮರುವಿಂಗಡಣೆಯ ಚರ್ಚೆ ಬಿಸಿಯಾಗಿರುವ ಈಗ, ಸ್ಥಾನಗಳು ಎಷ್ಟು ಎಂಬುದರ ಜೊತೆಗೆ ಅವನ್ನು ಹೇಗೆ ತುಂಬಬೇಕು ಎಂದೂ ಕೇಳಬೇಕಲ್ಲವೇ?

ಒಂದು ಎಚ್ಚರಿಕೆ ಬೇಕು. ಪಟ್ಟಿ ಹೈಕಮಾಂಡ್ ಕೈಯಲ್ಲೇ ಉಳಿದರೆ ಮಕ್ಕಳು, ಅಳಿಯಂದಿರಿಗೆ ಹಿಂಬಾಗಿಲು ತೆರೆದಂತೆ. ಪಟ್ಟಿಯ ಹೆಸರುಗಳನ್ನು ಪಕ್ಷದ ಸದಸ್ಯರೇ ಮತ ಹಾಕಿ ಆರಿಸುವ ನಿಯಮವೂ ಜೊತೆಗೇ ಬರಬೇಕು.

ಉದ್ಯೋಗ, ನೇಮಕಾತಿ ವಿಳಂಬ, ಪ್ರಶ್ನೆಪತ್ರಿಕೆ ಸೋರಿಕೆ ನಮ್ಮ ವಯಸ್ಸಿನವರ ಸಮಸ್ಯೆಗಳು. ನಾವು ಎಲ್ಲ ಕ್ಷೇತ್ರಗಳಲ್ಲೂ ಚದುರಿದ್ದೇವೆ, ಎಲ್ಲೂ ಒಬ್ಬರನ್ನು ಗೆಲ್ಲಿಸುವಷ್ಟಿಲ್ಲ. ಚದುರಿದ ಮತಗಳನ್ನೂ ಕೂಡಿಸಿ ಎಣಿಸುವ ವ್ಯವಸ್ಥೆ ಬಂದರೆ, ಗೆಲ್ಲುವವರು ಯಾರೆಂದು ಊಹಿಸುವ ಬದಲು ನಮಗೆ ಬೇಕಾದವರಿಗೇ ಮತ ಹಾಕಬಹುದು. ಆಗ ‘ವೇಸ್ಟ್’ ಎನ್ನಲು ನನ್ನ ಗೆಳೆಯನಿಗೂ ಕಾರಣ ಇರುವುದಿಲ್ಲ.