ಗದ್ದೆಗೆ ಮಣ್ಣು, ಬಾವಿಗೆ ಟ್ಯಾಂಕರ್

ಏಪ್ರಿಲ್ ಕೊನೆಗೆ ಶಿರ್ವದ ಆಸುಪಾಸಿನ ಬೆಟ್ಟು ಜಾಗದ ಬಾವಿಯೊಂದಕ್ಕೆ ಇಣುಕಿ ನೋಡಿ. ರಾಟೆಯಲ್ಲಿ ಇಳಿದ ಕೊಡಪಾನ ತಳದ ಕಲ್ಲಿಗೆ ಟಣ್ಣೆಂದು ಬಡಿಯುತ್ತದೆ. ಮೇಲೆ ಬರುವುದು ಅರ್ಧ ಕೊಡ ಕೆಂಪು ನೀರು. ಜುಲೈಯಲ್ಲಿ ಬಗ್ಗಿದರೆ ಕೈಗೆ ಎಟಕುವಂತೆ ತುಂಬಿದ್ದ ಬಾವಿಯೂ ಇದೇ.

ಇದಕ್ಕೆ ಬರ ಎಂಬ ಹೆಸರಿಡಲು ನಮಗೆ ನಾಚಿಕೆಯಾಗಬೇಕು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. 1,000 ಚದರಡಿ ಮಾಡಿನ ಮೇಲೆ ಬೀಳುವ ನೀರೇ ಮೂರೂವರೆ ಲಕ್ಷ ಲೀಟರ್ ದಾಟುತ್ತದೆ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎನ್ನುತ್ತದೆ. ಐವರ ಮನೆಗೆ ವರ್ಷಕ್ಕೆ ಒಂದು ಲಕ್ಷ ಲೀಟರ್. ಅದರ ಮೂರು ಪಟ್ಟು ನಮ್ಮ ಮಾಡಿನಿಂದಲೇ ತೋಡಿಗೆ ಹರಿದುಹೋಗುತ್ತಿದೆ.

ಮುರಕಲ್ಲಿನ ನೆಲಕ್ಕೆ ನೀರು ಹಿಡಿದಿಟ್ಟು ಗೊತ್ತಿಲ್ಲ. ಹಿಡಿದಿಟ್ಟು ಕೊಡುತ್ತಿದ್ದದ್ದು ಗದ್ದೆ. ಮಳೆಗಾಲದ ಎಣೆಲು ಬೆಳೆಗೆ ಕಟ್ಟಪುಣಿಯ ಬದುವಿನೊಳಗೆ ತಿಂಗಳುಗಟ್ಟಲೆ ನಿಂತ ನೀರು ಮೆಲ್ಲನೆ ಇಳಿದು ಬಾವಿಯ ಒರತೆಯಾಗುತ್ತಿತ್ತು. ಬೇಸಾಯವಿಲ್ಲದೆ ಗದ್ದೆ ಹಡಿಲು ಬಿತ್ತು, ಕಟ್ಟಪುಣಿ ಒಡೆಯಿತು. ಈಗ ಟಿಪ್ಪರಿನಲ್ಲಿ ಕೆಂಪು ಮಣ್ಣು ಬಂದು ಸುರಿಯುತ್ತದೆ, ಸೈಟಿನ ಕಲ್ಲು ಏಳುತ್ತದೆ. 2020ರ ಭೂ ಸುಧಾರಣಾ ತಿದ್ದುಪಡಿಯಂತೂ ಕೃಷಿಕರಲ್ಲದವರಿಗೂ ಕೃಷಿಭೂಮಿಯ ಬಾಗಿಲು ತೆರೆದುಬಿಟ್ಟಿತು.

ನದಿಯಿಂದ ಪೈಪು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ನಲ್ಲಿ ಬರಲಿ, ಬೇಡವೆಂದವರು ಯಾರು? ಆದರೆ 2019ರ ಬೇಸಿಗೆ ಮರೆತುಹೋಯಿತೇ? ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳ ಕಂಡಾಗ ಉಡುಪಿ ನಗರವೇ ಟ್ಯಾಂಕರಿನ ದಾರಿ ಕಾಯಿತು. ಒರತೆ ಬತ್ತಿದರೆ ಹೊಳೆಯೂ ಬತ್ತುತ್ತದೆ. ಪೈಪು ಏನನ್ನು ತಂದೀತು?

ಅನ್ನದ ಕಥೆಯೂ ಇದೇ ಗದ್ದೆಯದು. ಕುಚಲಕ್ಕಿ ಗಂಜಿ ಉಣ್ಣುವ ಊರು ಇಂದು ಕುಚಲಕ್ಕಿಯನ್ನು ಅಂಗಡಿಯಲ್ಲಿ ಕೊಳ್ಳುತ್ತದೆ. ಹಡಿಲು ಗದ್ದೆಯಲ್ಲಿ ಮತ್ತೆ ತೆನೆ ತೂಗೀತು ಎಂಬುದನ್ನು 2021ರ ಉಡುಪಿಯ ಹಡಿಲು ಭೂಮಿ ಕೃಷಿ ಆಂದೋಲನ ತೋರಿಸಿಕೊಟ್ಟಿದೆ.

ಬೇಸಾಯ ನಷ್ಟ ಎಂಬ ರೈತರ ಮಾತು ಸುಳ್ಳಲ್ಲ. ಆಳು ಸಿಗುವುದಿಲ್ಲ, ಸಿಕ್ಕರೂ ಸಂಬಳಕ್ಕೆ ಭತ್ತದ ರೇಟು ಸಾಲುವುದಿಲ್ಲ, ಉಳಿದದ್ದಕ್ಕೆ ಕಾಡುಹಂದಿ, ನವಿಲು. ಊರ ಬಾವಿ ತುಂಬಿಸುವ ಖರ್ಚನ್ನು ಅವರೊಬ್ಬರ ತಲೆಗೆ ಕಟ್ಟುವುದು ಯಾವ ನ್ಯಾಯ? ಪಕ್ಕದ ಕೇರಳ 2008ರಲ್ಲೇ ಗದ್ದೆ ಉಳಿಸುವ ಕಾಯ್ದೆ ತಂದಿತು. 2020ರಲ್ಲಿ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ 2,000 ರೂಪಾಯಿ ರಾಯಧನ ಕೊಡಲು ಶುರುಮಾಡಿತು. ಮೊತ್ತ ಸಣ್ಣದು, ಆದರೆ ಗದ್ದೆ ಊರಿಗೆ ನೀರು ಕೊಡುತ್ತದೆಂದು ಸರಕಾರ ಒಪ್ಪಿತಲ್ಲ! ಗಡಿಯಾಚೆಯ ಕಾಸರಗೋಡಿನಲ್ಲಿ ಆದದ್ದು ನಮ್ಮ ಕಾಪುವಿನಲ್ಲಿ ಏಕಾಗದು?

ಟ್ಯಾಂಕರಿಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ನೀರು ನಿಲ್ಲಿಸುವ ಗದ್ದೆಯ ಒಡೆಯನಿಗೆ ಹೋಗಲಿ. ಕಿಂಡಿ ಅಣೆಕಟ್ಟಿನ ಹಲಗೆ ತೋಡಿನ ಹರಿವು ಸೊರಗುವ ಮೊದಲೇ ಇಳಿಯಲಿ. ಗದ್ದೆಯನ್ನು ಸೈಟು ಮಾಡುವ ಅರ್ಜಿ ಬಂದಾಗ, ಅದರ ಕೆಳಗಿನ ಬಾವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ತನ್ನ ಮನೆಯ ಬಾವಿಯ ಹೆಸರು ಕೇಳಿಯೂ ಯಾರು ಕೈ ಎತ್ತುತ್ತಾರೋ ನೋಡೋಣ.