ಗ್ರಂಥದ ಮೇಲಿನ ಸಣ್ಣ ಹುಳು

ಶ್ರಾವಣವೆಂದರೆ ನಮ್ಮ ಮನೆಗಳಲ್ಲಿ ಪುರಾಣ ಪಠಣದ ಕಾಲ. ಹುಬ್ಬಳ್ಳಿ-ಧಾರವಾಡಗಳಲ್ಲಿ ಜಿಟಿಜಿಟಿ ಮಳೆಯ ಕಾಲವೂ ಹೌದು. ಒಮ್ಮೆ ಇಂಥ ದಿನಗಳಲ್ಲಿಯೇ ಅಟ್ಟದ ಪೆಟ್ಟಿಗೆಯಿಂದ ಹಿರಿಯರ ಗ್ರಂಥಗಳನ್ನು ಇಳಿಸಿದಾಗ, ಹಾಳೆಗಳ ಮೇಲೆ ಧೂಳಿನ ಕಣಗಳೇ ಓಡಾಡುತ್ತಿರುವಂತೆ ಕಂಡಿತು. “ಹೇನು ಬಿದ್ದಾವ, ಹೊರಗ ಇಡ್ರಿ” ಎಂದರು ಮನೆಯವರು. ಅವಸರದಲ್ಲಿ ಒಂದು ಕಟ್ಟನ್ನು ಅಂಗಳದಲ್ಲಿಟ್ಟೆವು. ಅದು ಮಳೆಗೆ ನೆನೆದು ಹಾಳಾಯಿತು. ಹುಳು ಮಾಡದ ಹಾನಿಯನ್ನು ನಾವೇ ಮಾಡಿದೆವು.

ಈ ಜೀವಿಗೆ ಇಂಗ್ಲಿಷಿನಲ್ಲಿ ‘ಬುಕ್‌ಲೈಸ್’, ಅಂದರೆ ಪುಸ್ತಕದ ಹೇನು ಎಂದು ಹೆಸರು. ಲೈಪೊಸೆಲಿಡಿಡೇ ಎಂಬುದು ಇದರ ಕುಟುಂಬ. ಮರದ ತೊಗಟೆಯ ಮೇಲೆ ಪಾಚಿ, ಕಲ್ಲುಹೂವು, ಬೂಷ್ಟುಗಳನ್ನು ಮೇಯುವ ತೊಗಟೆಹೇನುಗಳು ಇದರ ಬಳಗದವೇ. ತಲೆಯ ಹೇನಿಗೂ ಇದು ನಂಟು. ಆದರೆ ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ.

ಭೂತಗನ್ನಡಿಯಲ್ಲಿ ನೋಡಿದರೆ ಗುರುತು ಸಿಗುತ್ತದೆ. ಸುಮಾರು 1 ಮಿ.ಮೀ. ಉದ್ದದ ಮೆತ್ತನೆಯ, ಚಪ್ಪಟೆ ದೇಹ, ಮಾಸಲು ಬಣ್ಣ, ನೂಲಿನಂಥ ಮೀಸೆ, ಅಗಲವಾದ ಹಿಂದೊಡೆ. ಸಾಮಾನ್ಯವಾಗಿ ರೆಕ್ಕೆಗಳಿಲ್ಲ. ಬೆಳ್ಳಿಯಂತೆ ಹೊಳೆದು, ಬಾಲದಲ್ಲಿ ಮೂರು ಎಳೆಗಳಿದ್ದರೆ ಅದು ಕಾಗದವನ್ನು ಕೆರೆದು ತಿನ್ನುವ ಬೆಳ್ಳಿಮೀನು. ತಾಳೆಗರಿಯಲ್ಲಿ ದುಂಡು ರಂಧ್ರ ಕೊರೆಯುವವು ದುಂಬಿಯ ಮರಿಗಳು. ಮಣ್ಣಿನ ಗೆರೆ ಕಂಡರೆ ಗೆದ್ದಲು. ಗ್ರಂಥಗಳ ನಿಜವಾದ ವೈರಿಗಳು ಈ ಮೂರು.

ಪುಸ್ತಕದ ಹೇನಿಗೆ ಮುಖ್ಯ ಆಹಾರ ಬೂಷ್ಟು. ರಟ್ಟಿಗೆ ಹಚ್ಚಿದ ಗಂಜಿಯ ಅಂಟನ್ನೂ ತಿನ್ನುತ್ತದೆ. ಗಾಳಿಯಲ್ಲಿರುವ ತೇವವನ್ನೇ ಹೀರಿ ಬದುಕುವ ಇದು, ತೇವಾಂಶ ಬಹುಕಾಲ ಶೇಕಡಾ 50ಕ್ಕಿಂತ ಕೆಳಗಿದ್ದರೆ ಒಣಗಿ ಸಾಯುತ್ತದೆ. ಇದರ ಕೆಲವು ಜಾತಿಗಳಲ್ಲಿ ಗಂಡಿಲ್ಲದೆಯೇ ಹೆಣ್ಣು ಮೊಟ್ಟೆಯಿಡುವುದರಿಂದ ಒಂದು ಉಳಿದರೂ ಸಂತತಿ ಬೆಳೆದೀತು. ಆದುದರಿಂದ ಔಷಧ ಸಿಂಪಡಿಸುವುದಕ್ಕಿಂತ ತೇವ ನೀಗಿಸುವುದೇ ಮೇಲು. ಈ ಹುಳು ಕಂಡಿತೆಂದರೆ, ಗ್ರಂಥಕ್ಕೆ ತೇವ ತಟ್ಟಿದೆಯೆಂದೇ ತಿಳಿಯಬೇಕು.

ಗೋಡೆಗೆ ತಾಗದಂತೆ ಗ್ರಂಥಗಳನ್ನು ಇಡಿರಿ. ಮೃದುವಾದ ಕುಂಚದಿಂದ ಹುಳುಗಳನ್ನು ಜಾಡಿಸಿ, ನೆರಳಿನಲ್ಲಿ ಗಾಳಿಗೆ ಬಿಚ್ಚಿಡಿರಿ, ಸುಡುಬಿಸಿಲು ಬೇಡ. ಓಲೆಗ್ರಂಥಗಳಿದ್ದರೆ ಹಸ್ತಪ್ರತಿಗಳ ಸಂಗ್ರಹವುಳ್ಳ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠದಲ್ಲಿ ಬಲ್ಲವರನ್ನು ಕೇಳಿರಿ.

1880ರಲ್ಲಿ ಧಾರವಾಡದಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ಓಲೆಕಟ್ಟುಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದರು. ಹುಳು ಬಿದ್ದಿದೆಯೆಂದು ಆ ಮನೆಯವರು ಅವನ್ನು ಎಸೆದಿದ್ದರೆ ನಮ್ಮ ಕೈಗೆ ಏನು ಉಳಿಯುತ್ತಿತ್ತು? ಈ ಮಳೆಗಾಲದಲ್ಲಿ ತಮ್ಮ ಮನೆಯ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಿರೆಂದು ಬಂಧುಗಳಲ್ಲಿ ನಮ್ಮ ವಿನಂತಿ.